ಚುಕ್ಕಿ ಎಣಿಸಿದರೆ ಸಾಲದು: ಆಟೋಫಜಿ ಮತ್ತು ಅದನ್ನು ಆಳುವ ಸಂಕೇತಗಳು

(ಬೆಂಗಳೂರಿನಲ್ಲಿ ವಿಜ್ಞಾನಾಸಕ್ತರು ಮತ್ತು ಕಾಲೇಜು ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಆಟೋಫಜಿ ಎಂಬ ಮಾತು ಈಗ ಜಿಮ್ಮಿನಲ್ಲೂ ಕೇಳಿಬರುತ್ತದೆ, ವಾಟ್ಸಾಪಿನಲ್ಲೂ ಓಡಾಡುತ್ತದೆ. ಹದಿನಾರು ಗಂಟೆ ಹೊಟ್ಟೆ ಖಾಲಿ ಬಿಟ್ಟರೆ ಕೋಶಗಳು ತಮ್ಮ ಕಸವನ್ನು ತಾವೇ ತಿಂದು ಹೊಸದಾಗುತ್ತವೆ ಎಂದು ನಿಮ್ಮಲ್ಲಿ ಬಹಳ ಮಂದಿ ಓದಿರುತ್ತೀರಿ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಇವತ್ತು ನಾನು ಒತ್ತಿ ಹೇಳಬೇಕಾದದ್ದು ಒಂದೇ ವಿಷಯ. ಆಟೋಫಜಿ ಎನ್ನುವುದು ಹರಿವು. ಸೂಕ್ಷ್ಮದರ್ಶಕದಲ್ಲಾಗಲಿ ಜೆಲ್ಲಿನಲ್ಲಾಗಲಿ ನಮಗೆ ಸಿಗುವುದು ಆ ಹರಿವಿನ ನಡುವೆ, ಒಂದು ಗಳಿಗೆಯಲ್ಲಿ ಇದ್ದ ದಾಸ್ತಾನು. ದಾಸ್ತಾನು ನೋಡಿ ಹರಿವಿನ ಬಗ್ಗೆ ತೀರ್ಪು ಕೊಡಲು ಹೋದಾಗಲೇ ಈ ಕ್ಷೇತ್ರದಲ್ಲಿ ಹೆಚ್ಚಿನ ತಪ್ಪುಗಳು ಆಗಿರುವುದು.

ಮೊದಲು, ನಡೆಯುವುದೇನು ಎಂದು ನೋಡೋಣ. ಕೋಶದೊಳಗೆ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಜಾಲದ ಪಕ್ಕದಲ್ಲಿ ಒಂದು ಚಪ್ಪಟೆ ಪೊರೆ ಹುಟ್ಟುತ್ತದೆ. ಎಟಿಜಿ9 ಪ್ರೋಟೀನನ್ನು ಹೊತ್ತ ಸಣ್ಣ ಕೋಶಿಕೆಗಳು ಅದಕ್ಕೆ ಬೀಜ. ಎಟಿಜಿ2 ಎಂಬ ಉದ್ದನೆಯ ಪ್ರೋಟೀನು ಪೊರೆಜಾಲದಿಂದ ಕೊಬ್ಬಿನ ಅಣುಗಳನ್ನು ಸಾಗಿಸಿ ಅದನ್ನು ಬೆಳೆಸುತ್ತದೆ. ಪೊರೆ ಬೆಳೆಯುತ್ತ ಬಾಗುತ್ತದೆ. ಸುತ್ತಲಿನ ಒಂದಿಷ್ಟು ಕೋಶದ್ರವವನ್ನೋ, ಕೆಟ್ಟುನಿಂತ ಮೈಟೋಕಾಂಡ್ರಿಯವನ್ನೋ, ಗಂಟುಕಟ್ಟಿಕೊಂಡ ಪ್ರೋಟೀನನ್ನೋ ಒಳಗೆ ಹಾಕಿಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ಹೀಗಾದ ಎರಡು ಪೊರೆಯ ಚೀಲವೇ ಆಟೋಫಾಗೋಸೋಮ್. ನಮ್ಮಂಥ ಸಸ್ತನಿಗಳಲ್ಲಿ ಅದರ ವ್ಯಾಸ ಸುಮಾರು 0.5ರಿಂದ 1.5 ಮೈಕ್ರಾನ್. ಈ ಚೀಲ ಲೈಸೋಸೋಮಿನ ಜೊತೆ ಬೆಸೆದುಕೊಳ್ಳುತ್ತದೆ. ಅದರೊಳಗಿನ ಪಿಎಚ್ 4.5–5ರ ಆಸುಪಾಸು, ಅಷ್ಟು ಹುಳಿಯಲ್ಲೇ ಚುರುಕಾಗುವ ಹತ್ತಾರು ಕಿಣ್ವಗಳು ಒಳಗಿನ ಸರಕನ್ನು ಕತ್ತರಿಸುತ್ತವೆ. ಸಿಕ್ಕ ಅಮೈನೋ ಆಮ್ಲ, ಸಕ್ಕರೆ, ಕೊಬ್ಬಿನಾಮ್ಲಗಳು ಪೊರೆ ದಾಟಿ ಕೋಶದ ಬಳಕೆಗೆ ಮರಳುತ್ತವೆ.

ಲೈಸೋಸೋಮನ್ನು 1955ರಲ್ಲಿ ಗುರುತಿಸಿದವರು, 1963ರಲ್ಲಿ ಆಟೋಫಜಿಗೆ ಹೆಸರಿಟ್ಟವರು ಇಬ್ಬರೂ ಒಬ್ಬರೇ: ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡುವೆ. ಆಮೇಲೆ ಸುಮಾರು ಮೂವತ್ತು ವರ್ಷ ಈ ವಿಷಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಾಚೆಗೆ ಹೆಚ್ಚು ಮುಂದೆ ಹೋಗಲಿಲ್ಲ. ಯಾವ ಜೀನುಗಳು ಇದನ್ನು ನಡೆಸುತ್ತವೆ ಎಂದು ಗೊತ್ತಿರಲಿಲ್ಲ. ಆ ಗಂಟು ಬಿಚ್ಚಿದ್ದು ಜಪಾನಿನ ಯೊಶಿನೊರಿ ಒಸುಮಿ. ಅದೂ ಬ್ರೆಡ್ಡಿನ ಯೀಸ್ಟಿನಲ್ಲಿ.

ಯೀಸ್ಟಿನಲ್ಲಿ ಕಣ್ಣಾರೆ ನೋಡುವ ಬಗೆ

ಒಸುಮಿ ಅವರ ಯೋಚನೆ ಎಷ್ಟು ನೇರವಾಗಿತ್ತು ಎಂದರೆ, ಅದನ್ನು ನಮ್ಮ ಬಿ.ಎಸ್ಸಿ. ಲ್ಯಾಬುಗಳಲ್ಲೂ ಮಾಡಿ ನೋಡಬಹುದು. ಯೀಸ್ಟಿನಲ್ಲಿ ಲೈಸೋಸೋಮಿನ ಕೆಲಸ ಮಾಡುವುದು ವ್ಯಾಕ್ಯುಯೋಲ್. ಅದು ದೊಡ್ಡದು, ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಾಣುತ್ತದೆ. ಒಳಗೆ ಬಂದ ಚೀಲಗಳು ಕ್ಷಣಾರ್ಧದಲ್ಲಿ ಕರಗಿಹೋಗುವುದರಿಂದ ನೋಡಲು ಏನೂ ಉಳಿಯುವುದಿಲ್ಲ. ಹಾಗಾದರೆ ಕರಗಿಸುವ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ತೆಗೆದುಕೊಂಡು ಉಪವಾಸ ಕೆಡವಿದರೆ? ಬಂದದ್ದೆಲ್ಲ ಒಳಗೇ ರಾಶಿಬೀಳಬೇಕು. ಹಾಗೆಯೇ ಆಯಿತು. ಅರ್ಧ ಮುಕ್ಕಾಲು ಗಂಟೆಯಲ್ಲಿ ವ್ಯಾಕ್ಯುಯೋಲಿನೊಳಗೆ ಉಂಡೆಗಳು ಕಾಣಿಸಿಕೊಂಡವು. ಕೆಲವು ಗಂಟೆಗಳಲ್ಲಿ ಅದು ತುಂಬಿಹೋಯಿತು. ಈ ಕೆಲಸ ಪ್ರಕಟವಾದದ್ದು 1992ರಲ್ಲಿ. ಮರುವರ್ಷ ಆಟೋಫಜಿ ಕೆಟ್ಟ 15 ಬಗೆಯ ರೂಪಾಂತರಿಗಳನ್ನು ಪ್ರಕಟಿಸಿದರು. ಆಟೋಫಜಿ ಇಲ್ಲದ ಯೀಸ್ಟ್ ಸಾರಜನಕದ ಕೊರತೆಯಲ್ಲಿ ಬೇಗ ಸಾಯುತ್ತದೆ ಎಂಬ ಗುಣವೇ ಅವುಗಳನ್ನು ಹೆಕ್ಕಲು ನೆರವಾಯಿತು. 2016ರ ವೈದ್ಯಕೀಯ ನೊಬೆಲ್ ಒಸುಮಿ ಅವರೊಬ್ಬರಿಗೇ ಸಂದಿತು.

ಕಾಲೇಜಿನಲ್ಲಿ ಮಾಡುವವರಿಗೆ ವಿವರ ಹೇಳುತ್ತೇನೆ. ಯೀಸ್ಟನ್ನು ವೈಪಿಡಿ ಮಾಧ್ಯಮದಲ್ಲಿ ರಾತ್ರಿಯಿಡೀ ಬೆಳೆಸಿ. ಬೆಳಿಗ್ಗೆ ಒಡಿ (ದ್ರಾವಣದ ಮಬ್ಬಿನ ಅಳತೆ) 0.2ಕ್ಕೆ ತೆಳುಮಾಡಿ, 0.8ರಿಂದ 1ರವರೆಗೆ ಮತ್ತೆ ಬೆಳೆಯಲು ಬಿಡಿ. ಸೆಂಟ್ರಿಫ್ಯೂಜಿನಲ್ಲಿ ಕೆಳಗಿಳಿಸಿ, ಶುದ್ಧ ನೀರಿನಲ್ಲಿ ಎರಡು ಸಲ ತೊಳೆಯಿರಿ. ಈ ತೊಳೆಯುವ ಕೆಲಸವನ್ನು ಹಗುರವಾಗಿ ಕಾಣಬೇಡಿ. ವೈಪಿಡಿಯಲ್ಲಿ ಪೆಪ್ಟೋನ್ ಇದೆ. ಅದರ ಶೇಷ ಉಳಿದರೆ ಯೀಸ್ಟಿಗೆ ಹಸಿವೇ ಆಗುವುದಿಲ್ಲ. ಆಮೇಲೆ ಸಾರಜನಕವಿಲ್ಲದ ಮಾಧ್ಯಮಕ್ಕೆ ಹಾಕಿ: ಅಮೈನೋ ಆಮ್ಲ ಮತ್ತು ಅಮೋನಿಯಂ ಸಲ್ಫೇಟ್ ಎರಡೂ ಇಲ್ಲದ ಯೀಸ್ಟ್ ನೈಟ್ರೊಜನ್ ಬೇಸ್ ಶೇಕಡಾ 0.17, ಗ್ಲುಕೋಸ್ ಶೇಕಡಾ 2. ಕಿಣ್ವವಿಲ್ಲದ ತಳಿ ಸಿಗದಿದ್ದರೆ ಪಿಎಂಎಸ್‌ಎಫ್ ಎಂಬ ತಡೆಕಾರಕವನ್ನು 1 ಮಿಲಿಮೋಲಾರ್ ಆಗುವಂತೆ ಸೇರಿಸಬಹುದು. ಅದರ ಸ್ಟಾಕನ್ನು ಐಸೊಪ್ರೊಪನಾಲಿನಲ್ಲಿ ಮಾಡಿ. ನೀರಿನಲ್ಲಿ ಅದು ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ವಿಷಕಾರಿ, ಕೈಗವಸು ಇಲ್ಲದೆ ಮುಟ್ಟಬೇಡಿ. 30 ಡಿಗ್ರಿಯಲ್ಲಿ ಶೇಕರ್ ಮೇಲೆ ಮೂರು ನಾಲ್ಕು ಗಂಟೆ ಇಡಿ. ಡಿಸೆಂಬರಿನಲ್ಲಿ ಬೆಂಗಳೂರಿನ ಕೋಣೆಯ ತಂಪಿನಲ್ಲಿ ಮೇಜಿನ ಮೇಲೇ ಬಿಟ್ಟರೆ ಎಲ್ಲವೂ ನಿಧಾನವಾಗಿ, ಪ್ರಾಕ್ಟಿಕಲ್ ಅವಧಿ ಮುಗಿದರೂ ಏನೂ ಕಾಣದೆ ಹೋಗಬಹುದು.

ನೂರು ಪಟ್ಟಿನ ಆಯಿಲ್ ಇಮ್ಮರ್ಶನ್ ಲೆನ್ಸಿನಲ್ಲಿ ನೋಡಿ. ಐದು ಮೈಕ್ರಾನಿನ ಯೀಸ್ಟ್ ಕೋಶ, ಅದರಲ್ಲಿ ತಿಳಿಯಾದ ದುಂಡು ವ್ಯಾಕ್ಯುಯೋಲ್, ಅದರೊಳಗೆ ಒಂದೇ ಸಮನೆ ಅತ್ತಿತ್ತ ನಡುಗುತ್ತ ಓಡಾಡುವ ಸಣ್ಣ ಕಾಳುಗಳು. ಅಣುಗಳ ತಾಡನಕ್ಕೆ ಸಿಕ್ಕ ಬ್ರೌನಿಯನ್ ಚಲನೆ ಅದು. ಆಟೋಫಜಿಯ ಜೀನು ಕೆಡಿಸಿದ ತಳಿಯನ್ನು ಪಕ್ಕದಲ್ಲೇ ಇಟ್ಟು ನೋಡಿದರೆ ವ್ಯಾಕ್ಯುಯೋಲ್ ಖಾಲಿ. ನನ್ನ ಅಭಿಪ್ರಾಯದಲ್ಲಿ ಜೀವಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮೊದಲ ಪ್ರಯೋಗ ಕಡಿಮೆ. ನಮ್ಮ ಊರಿನಲ್ಲೇ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಇದೇ ಯೀಸ್ಟನ್ನು ಮುಂದಿಟ್ಟುಕೊಂಡು ಆಟೋಫಜಿಯನ್ನು ಏರಿಸುವ ಇಲ್ಲವೇ ತಡೆಯುವ ಸಣ್ಣ ಅಣುಗಳನ್ನು ಹುಡುಕುವ ಕೆಲಸ ನಡೆದಿದೆ.

ಒಂದನ್ನು ಗಮನಿಸಿ. ಒಸುಮಿ ಚೀಲ ಎಣಿಸುವ ಮೊದಲು ಹೊರದಾರಿಯನ್ನು ಮುಚ್ಚಿದರು. ಇದಕ್ಕೆ ಮತ್ತೆ ಬರುತ್ತೇನೆ.

ಹಸಿವಿನ ಸುದ್ದಿ ಮುಟ್ಟುವುದು ಹೇಗೆ

ಕೋಶಕ್ಕೆ ಆಹಾರ ಇದೆಯೋ ಇಲ್ಲವೋ ಎಂಬ ಸುದ್ದಿ ಸಾಗುವುದು ಫಾಸ್ಫೇಟಿನ ಮೂಲಕ. ಒಂದು ಕೈನೇಸ್ ಕಿಣ್ವ ಮತ್ತೊಂದು ಪ್ರೋಟೀನಿನ ನಿರ್ದಿಷ್ಟ ಜಾಗಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ಫಾಸ್ಫಟೇಸ್ ಕಿಣ್ವ ಅದನ್ನು ಕಿತ್ತುಹಾಕುತ್ತದೆ. ಆಟೋಫಜಿಯ ಮಟ್ಟಿಗೆ ಮುಖ್ಯ ಕೈನೇಸ್ ಎಂಟಾರ್‌ಸಿ1 ಎಂಬ ಪ್ರೋಟೀನ್ ಕೂಟ. ಅದು ಕೆಲಸ ಮಾಡುವ ಜಾಗ ಯಾವುದು ಗೊತ್ತೇ? ಲೈಸೋಸೋಮಿನ ಹೊರಮೈ. ಅಮೈನೋ ಆಮ್ಲಗಳು ಸಾಕಷ್ಟಿದ್ದಾಗ ರ‍್ಯಾಗ್ ಎಂಬ ಪ್ರೋಟೀನುಗಳು ಅದನ್ನು ಲೈಸೋಸೋಮಿನ ಮೇಲೆ ಹಿಡಿದು ನಿಲ್ಲಿಸುತ್ತವೆ. ಅಲ್ಲೇ ಇರುವ ರೆಬ್ ಅದನ್ನು ಚಾಲೂ ಮಾಡುತ್ತದೆ. ಹಸಿದ ಕೋಶಗಳಿಗೆ ಅಮೈನೋ ಆಮ್ಲ ಕೊಟ್ಟರೆ ಹತ್ತು ನಿಮಿಷದಲ್ಲಿ ಎಂಟಾರ್ (ಈ ಕೂಟದ ಕೈನೇಸ್) ಲೈಸೋಸೋಮಿನ ಮೇಲೆ ಸೇರಿರುತ್ತದೆ. ಲ್ಯೂಸಿನ್ ಇದೆಯೇ ಎಂದು ನೋಡಲು ಸೆಸ್ಟ್ರಿನ್2, ಆರ್ಜಿನಿನ್ ಇದೆಯೇ ಎಂದು ನೋಡಲು ಕ್ಯಾಸ್ಟರ್1 ಎಂದು ಬೇರೆ ಬೇರೆ ಪ್ರೋಟೀನುಗಳೇ ಇವೆ.

ಎಂಟಾರ್‌ಸಿ1 ಚಾಲೂ ಇರುವವರೆಗೆ ಅದು ಯುಎಲ್‌ಕೆ1 ಎಂಬ ಇನ್ನೊಂದು ಕೈನೇಸಿನ ಒಂದು ಸೆರಿನ್ (ಅದೊಂದು ಅಮೈನೋ ಆಮ್ಲ) ಮೇಲೆ ಫಾಸ್ಫೇಟ್ ಕೂರಿಸಿ ಅದನ್ನು ಸುಮ್ಮನಿರಿಸುತ್ತದೆ. ಇಲಿಯ ಪ್ರೋಟೀನಿನಲ್ಲಿ ಅದು 757ನೆಯ ಸೆರಿನ್, ಮನುಷ್ಯರದರಲ್ಲಿ 758ನೆಯದು. ಈ ಫಾಸ್ಫೇಟನ್ನು ಗುರುತಿಸುವ ಆಂಟಿಬಾಡಿ ಕೊಳ್ಳುವಾಗ ಈ ಎರಡು ಅಂಕಿ ನೋಡಿ ಗಾಬರಿಯಾಗಬೇಡಿ, ಜಾಗ ಒಂದೇ. ಅಮೈನೋ ಆಮ್ಲ ಕಡಿಮೆಯಾದರೆ ಎಂಟಾರ್ ಲೈಸೋಸೋಮ್ ಬಿಟ್ಟು ಹೊರಡುತ್ತದೆ, ಫಾಸ್ಫೇಟ್ ಕಳಚುತ್ತದೆ. ಯುಎಲ್‌ಕೆ1 ತನ್ನ ಜೊತೆಗಾರರಾದ ಎಟಿಜಿ13, ಎಫ್‌ಐಪಿ200, ಎಟಿಜಿ101 ಸಮೇತ ಕೆಲಸಕ್ಕಿಳಿಯುತ್ತದೆ. ಅದರ ಬೆನ್ನಿಗೆ ವಿಪಿಎಸ್34 ಕೂಟ ಪೊರೆಯ ಮೇಲೆ ಪಿಐ3ಪಿ ಎಂಬ ವಿಶೇಷ ಕೊಬ್ಬನ್ನು ತಯಾರಿಸುತ್ತದೆ, ಉಳಿದ ಪ್ರೋಟೀನುಗಳು ಆ ಗುರುತು ಹಿಡಿದು ಬಂದು ಸೇರುತ್ತವೆ.

ಪಠ್ಯಗಳಲ್ಲಿ ಇದರ ಜೊತೆಗೇ ಎಎಂಪಿಕೆ ಎಂಬ ಶಕ್ತಿಸಂವೇದಿ ಕೈನೇಸ್ ಯುಎಲ್‌ಕೆ1ನ್ನು ಎಬ್ಬಿಸುತ್ತದೆ ಎಂದು ಓದಿರುತ್ತೀರಿ. 2011ರಿಂದ ಅದೇ ಚಿತ್ರ ಎಲ್ಲೆಡೆ ಅಚ್ಚಾಗಿದೆ. ಆದರೆ 2023ರಲ್ಲಿ ಪ್ರಕಟವಾದ ಕೆಲಸ, ಅಮೈನೋ ಆಮ್ಲದ ಕೊರತೆಯಲ್ಲಿ ಎಎಂಪಿಕೆ ಆಟೋಫಜಿಯನ್ನು ಹಿಡಿದಿಡುತ್ತದೆ ಎಂದು ತೋರಿಸಿತು. ಗ್ಲುಕೋಸಿನ ಕೊರತೆಯನ್ನೂ ಅಮೈನೋ ಆಮ್ಲದ ಕೊರತೆಯನ್ನೂ ಒಂದೇ "ಹಸಿವು" ಎಂದು ಬರೆದುಕೊಳ್ಳುವ ಅಭ್ಯಾಸ ಬಿಡಬೇಕು. ನಿಮ್ಮ ನೋಟ್‌ಬುಕ್ಕಿನಲ್ಲಿ ಯಾವ ಮಾಧ್ಯಮ, ಅದರಲ್ಲಿ ಏನಿದೆ, ಏನಿಲ್ಲ ಎಂದು ಪೂರ್ತಿ ಬರೆಯಿರಿ.

ಈ ಏರ್ಪಾಡಿನಲ್ಲಿ ನನಗೆ ಬಹಳ ಇಷ್ಟವಾಗುವ ಭಾಗ ಮುಂದಿನದು. ಹಸಿವು ಹಲವು ಗಂಟೆ ಮುಂದುವರಿದರೆ, ಹೊರಗಿನಿಂದ ಏನೂ ಸಿಗದಿದ್ದರೂ ಎಂಟಾರ್‌ಸಿ1 ಮತ್ತೆ ಸ್ವಲ್ಪ ಚಾಲೂ ಆಗುತ್ತದೆ. ಲೈಸೋಸೋಮಿನೊಳಗೆ ಕರಗಿದ ಪ್ರೋಟೀನುಗಳ ಅಮೈನೋ ಆಮ್ಲವೇ ಅದಕ್ಕೆ ಕಾರಣ. ಅದರ ಫಲವಾಗಿ ಆಟೋಫಜಿ ತಗ್ಗುತ್ತದೆ, ಬಳಸಿಹೋದ ಲೈಸೋಸೋಮುಗಳು ನಳಿಕೆಗಳಾಗಿ ಕವಲೊಡೆದು ಹೊಸದಾಗಿ ರೂಪುಗೊಳ್ಳುತ್ತವೆ. ಕರಗಿಸುವ ಜಾಗ, ಕರಗಿದ್ದೆಷ್ಟು ಎಂದು ಅಳೆಯುವ ಜಾಗ ಎರಡೂ ಒಂದೇ ಪೊರೆಯ ಒಳಗೆ ಹೊರಗೆ. ಇನ್ನೊಂದು ಕಡೆ ಟಿಎಫ್‌ಇಬಿ ಎಂಬ ಪ್ರೋಟೀನಿಗೆ ಎಂಟಾರ್ ಹಾಕಿದ ಫಾಸ್ಫೇಟ್ ಕಳಚಿದಾಗ ಅದು ಕೋಶಕೇಂದ್ರಕ್ಕೆ ಹೋಗಿ ಲೈಸೋಸೋಮಿನ ಜೀನುಗಳನ್ನೇ ಹೆಚ್ಚಿಸುತ್ತದೆ. ನಿಮಿಷಗಳ ಉತ್ತರ ಯುಎಲ್‌ಕೆ1ರದ್ದು, ಗಂಟೆಗಳ ಉತ್ತರ ಟಿಎಫ್‌ಇಬಿಯದ್ದು.

ಎಲ್‌ಸಿ3 ಪಟ್ಟಿ ದಪ್ಪವಾಯಿತು. ಅಂದರೆ?

ಈಗ ಅಳೆಯುವ ಮಾತು. ಎಲ್‌ಸಿ3 ಎಂಬ ಪುಟ್ಟ ಪ್ರೋಟೀನು ಮಾಮೂಲಿ ಸ್ಥಿತಿಯಲ್ಲಿ ಕೋಶದ್ರವದಲ್ಲಿ ತೇಲುತ್ತಿರುತ್ತದೆ. ಎಟಿಜಿ4 ಅದರ ತುದಿ ಕತ್ತರಿಸಿ 120ನೆಯ ಅಮೈನೋ ಆಮ್ಲವಾದ ಗ್ಲೈಸಿನ್ ತುದಿಗೆ ಬರುವಂತೆ ಮಾಡುತ್ತದೆ. ಎಟಿಜಿ7, ಎಟಿಜಿ3 ಅದನ್ನು ಕೈಯಿಂದ ಕೈಗೆ ದಾಟಿಸುತ್ತವೆ, ಎಟಿಜಿ12–5–16ಎಲ್1 ಕೂಟ ಅದನ್ನು ಪೊರೆಯ ಕೊಬ್ಬಿಗೆ ಬೆಸೆಯುತ್ತದೆ. ತೇಲುವ ರೂಪ ಎಲ್‌ಸಿ3-1, ಪೊರೆಗಂಟಿದ ರೂಪ ಎಲ್‌ಸಿ3-2. ಕೊಬ್ಬು ಸೇರಿದ್ದರಿಂದ ಎರಡನೆಯದು ತೂಕದಲ್ಲಿ ಹೆಚ್ಚು, ಆದರೂ ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಪಟ್ಟಿಗಳಾಗಿ ನಿಲ್ಲಿಸುವ ಜೆಲ್ಲಿನಲ್ಲಿ ಬೇಗ ಓಡಿ ಕೆಳಗೆ, 14 ಕಿಲೋಡಾಲ್ಟನ್ ಆಸುಪಾಸಿನಲ್ಲಿ ನಿಲ್ಲುತ್ತದೆ; ಮೊದಲನೆಯದು 16ರ ಹತ್ತಿರ.

ಎಲ್‌ಸಿ3-2 ಹೆಚ್ಚಾಯಿತು ಎಂದರೆ ಆಟೋಫಜಿ ಹೆಚ್ಚಾಯಿತು ಎಂದು ಬರೆದುಬಿಟ್ಟ ಪ್ರಬಂಧಗಳು ರಾಶಿ ಇವೆ. ಮಳೆಗಾಲದಲ್ಲಿ ನಮ್ಮ ರಾಜಕಾಲುವೆಯ ನೀರಿನ ಮಟ್ಟ ಏರಿತು ಎನ್ನಿ. ಮೇಲಿನಿಂದ ನೀರು ಜೋರಾಗಿ ಬರುತ್ತಿರಬಹುದು, ಕೆಳಗೆ ಕಸ ಕಟ್ಟಿಕೊಂಡು ನೀರು ಹೋಗದೆಯೂ ಇರಬಹುದು. ಮಟ್ಟ ನೋಡಿ ಯಾವುದು ಎಂದು ಹೇಳಲಾಗದು. ಚೀಲದ ಒಳಪೊರೆಯ ಎಲ್‌ಸಿ3-2 ಲೈಸೋಸೋಮಿನಲ್ಲಿ ತಾನೂ ಕರಗುತ್ತದೆ. ಹಾಗಾಗಿ ಲೈಸೋಸೋಮ್ ಕೆಟ್ಟು ನಿಂತ ಕೋಶದಲ್ಲೂ ಆ ಪಟ್ಟಿ ದಪ್ಪವಾಗಿಯೇ ಕಾಣುತ್ತದೆ.

ಇದಕ್ಕೆ ಪರಿಹಾರ ಒಸುಮಿ ಮಾಡಿದ್ದೇ: ಹೊರದಾರಿ ಮುಚ್ಚಿ, ಎಷ್ಟು ಕಟ್ಟಿಕೊಂಡಿತು ನೋಡುವುದು. ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಹೀಲಾ ಕೋಶಗಳಲ್ಲಾದರೆ, ಕೋಶ ಬೆಳೆಸುವ ತಟ್ಟೆಯಲ್ಲಿ ಕನಿಷ್ಠ ನಾಲ್ಕು ಬಾವಿ (ಗುಳಿ) ಬೇಕು. ಪೂರ್ಣ ಮಾಧ್ಯಮ, ಪೂರ್ಣ ಮಾಧ್ಯಮದ ಜೊತೆ ಬಾಫಿಲೊಮೈಸಿನ್, ಹಸಿವು, ಹಸಿವಿನ ಜೊತೆ ಬಾಫಿಲೊಮೈಸಿನ್. ಬಾಫಿಲೊಮೈಸಿನ್ ಎ1 ಲೈಸೋಸೋಮಿಗೆ ಹುಳಿ ತುಂಬುವ ಪಂಪನ್ನು ನಿಲ್ಲಿಸುತ್ತದೆ. ಸಾಮಾನ್ಯವಾಗಿ 100 ನ್ಯಾನೊಮೋಲಾರ್, ಎರಡರಿಂದ ನಾಲ್ಕು ಗಂಟೆ. ಅದನ್ನು ಹಾಕದ ಬಾವಿಗಳಿಗೆ ಅದನ್ನು ಕರಗಿಸುವ ದ್ರಾವಕವಾದ ಡಿಎಂಎಸ್‌ಒ ಅಷ್ಟೇ ಪ್ರಮಾಣದಲ್ಲಿ ಹಾಕಲೇಬೇಕು. ಹಸಿವಿಗೆ ಅಮೈನೋ ಆಮ್ಲವಿಲ್ಲದ ಇಬಿಎಸ್‌ಎಸ್ ದ್ರಾವಣ, ಅದಕ್ಕೆ ಮೊದಲು ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಎರಡು ಮೂರು ಸಲ ತೊಳೆತ. ಕೊನೆಗೆ ಬಾಫಿಲೊಮೈಸಿನ್ ಇದ್ದಾಗಿನ ಎಲ್‌ಸಿ3-2ರಿಂದ ಇಲ್ಲದಾಗಿನದನ್ನು ಕಳೆಯಿರಿ. ಆ ವ್ಯತ್ಯಾಸವೇ ಹರಿವು. ನೀವು ಪರೀಕ್ಷಿಸುವ ಔಷಧಿಯಿಂದ ಎಲ್‌ಸಿ3-2 ಏರಿ, ಬಾಫಿಲೊಮೈಸಿನ್ ಸೇರಿಸಿದಾಗ ಇನ್ನೂ ಏರಿದರೆ ಒಳಹರಿವು ಹೆಚ್ಚಿದೆ. ಸೇರಿಸಿದರೂ ಇದ್ದಲ್ಲೇ ನಿಂತರೆ, ಔಷಧಿಯೇ ದಾರಿ ಕಟ್ಟಿದೆ ಎಂದು ಶಂಕಿಸಬೇಕು.

ಎಡವುವುದು ಎಲ್ಲಿ? ಬಾಫಿಲೊಮೈಸಿನ್ ಪ್ರಮಾಣ ಸಾಲದೆ ಪಂಪು ಪೂರ್ತಿ ನಿಲ್ಲದಿದ್ದರೆ ಲೆಕ್ಕವೆಲ್ಲ ಹುಸಿ. ನಿಮ್ಮ ಕೋಶಕ್ಕೆ ಎಷ್ಟು ಬೇಕು ಎಂದು ಮೊದಲೇ ಏರುಪ್ರಮಾಣದಲ್ಲಿ ಹಾಕಿ ನೋಡಿಕೊಳ್ಳಿ. ರಾತ್ರಿಯಿಡೀ ಬಿಟ್ಟರೆ ಕೋಶ ಬೇರೆಯೇ ರೀತಿಯಲ್ಲಿ ನರಳತೊಡಗುತ್ತದೆ, ಎಂಟಾರ್ ಸಂಕೇತವೂ ಕೆಡುತ್ತದೆ. ಜೆಲ್ ಶೇಕಡಾ 15ರದ್ದಿರಲಿ. ಬಣ್ಣದ ಗೆರೆ ಹೊರಗೆ ಹೋಗುವವರೆಗೆ ಓಡಿಸಿದರೆ 14 ಕಿಲೋಡಾಲ್ಟನ್ ಪಟ್ಟಿಯೂ ಅದರ ಜೊತೆಗೇ ಹೋಗುತ್ತದೆ. ಜೆಲ್ಲಿನ ಪ್ರೋಟೀನುಗಳನ್ನು ಇಳಿಸಿಕೊಳ್ಳುವ ಪಿವಿಡಿಎಫ್ ಹಾಳೆಯ ರಂಧ್ರ 0.2 ಮೈಕ್ರಾನ್ ಇರಬೇಕು, 0.45ರದ್ದಾದರೆ ಇಷ್ಟು ಚಿಕ್ಕ ಪ್ರೋಟೀನು ದಾಟಿ ಆಚೆ ಹೋಗಬಹುದು. ಮಾದರಿಯನ್ನು ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಎಲ್‌ಸಿ3-1 ಬೇಗ ಕ್ಷಯಿಸುತ್ತದೆ. ಅದಕ್ಕೇ 2 ಮತ್ತು 1ರ ಅನುಪಾತ ತೆಗೆಯುವುದನ್ನು ಬಿಟ್ಟು, ಎಲ್‌ಸಿ3-2ನ್ನು ಆಕ್ಟಿನ್ ಥರದ ಪ್ರೋಟೀನಿಗೆ ಹೋಲಿಸಿ. ಅನೇಕ ಆಂಟಿಬಾಡಿಗಳು ಎರಡು ರೂಪಗಳಿಗೂ ಸಮನಾಗಿ ಅಂಟುವುದಿಲ್ಲ ಎಂಬುದು ಇನ್ನೊಂದು ಕಾರಣ.

ಹೀಗೆ ಹಾಳೆಗಿಳಿಸಿ ಆಂಟಿಬಾಡಿಯಿಂದ ನೋಡುವುದೇ ಬ್ಲಾಟ್. ಫಾಸ್ಫೇಟ್ ನೋಡುವ ಬ್ಲಾಟಿಗೆ ಇನ್ನೂ ಎಚ್ಚರ ಬೇಕು. ಕೋಶ ಒಡೆದ ಕೂಡಲೇ ಫಾಸ್ಫಟೇಸುಗಳು ಕೆಲಸ ಶುರುಮಾಡುತ್ತವೆ. ಎಲ್ಲವೂ ಮಂಜುಗಡ್ಡೆಯ ಮೇಲೆ, ಬಫರಿನಲ್ಲಿ ಅವನ್ನು ತಡೆಯುವ ಸೋಡಿಯಂ ಫ್ಲೋರೈಡ್, ಆರ್ಥೊವೆನಡೇಟ್. ಹಾಳೆಯನ್ನು ಹಾಲಿನಪುಡಿಯಲ್ಲಿ ನೆನೆಸುವ ರೂಢಿ ಇದೆಯಲ್ಲ, ಇಲ್ಲಿ ಬೇಡ. ಹಾಲಿನ ಕೇಸಿನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನು, ಹಿನ್ನೆಲೆ ಕಪ್ಪಾಗುತ್ತದೆ. ಶೇಕಡಾ 5ರ ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನು) ಬಳಸಿ. ಎಂಟಾರ್ ನಿಲ್ಲಿಸಲು ರಾಪಾಮೈಸಿನ್ ಹಾಕಿ ಆಟೋಫಜಿ ಸಾಕಷ್ಟು ಏರಲಿಲ್ಲ ಎಂದು ತಲೆಕೆಡಿಸಿಕೊಳ್ಳುವವರಿದ್ದಾರೆ. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯದಿಂದ ಬಂದ ಆ ಅಣು ಎಂಟಾರ್‌ಸಿ1ರ ಎಲ್ಲ ಕೆಲಸಗಳನ್ನೂ ಒಂದೇ ಸಮ ನಿಲ್ಲಿಸುವುದಿಲ್ಲ. ಎಂಟಾರ್‌ಸಿ1 ಫಾಸ್ಫೇಟ್ ಹಾಕುವ ಇನ್ನೊಂದು ಪ್ರೋಟೀನಾದ ಎಸ್6ಕೆ ಮೇಲಿನ ಫಾಸ್ಫೇಟ್ ಪೂರ್ತಿ ಮಾಯವಾದರೂ ಯುಎಲ್‌ಕೆ1 ಮೇಲಿನದು ಸಾಕಷ್ಟು ಉಳಿದಿರಬಹುದು. ಟೋರಿನ್1 ಎಂಬ ಇನ್ನೊಂದು ತಡೆಕಾರಕ ಪೂರ್ತಿ ನಿಲ್ಲಿಸುತ್ತದೆ, ಆದರೆ ಎಂಟಾರ್ ಇರುವ ಬೇರೊಂದು ಕೂಟವಾದ ಎಂಟಾರ್‌ಸಿ2ನ್ನೂ ನಿಲ್ಲಿಸಿಬಿಡುತ್ತದೆ.

ಎರಡನೆಯ ಸಾಕ್ಷಿಯಾಗಿ ಪಿ62 ನೋಡುತ್ತೇವೆ. ಇದು ಒಂದು ಕೈಯಲ್ಲಿ ಯುಬಿಕ್ವಿಟಿನ್ ಎಂಬ ಗುರುತು ಹೊತ್ತ ಸರಕನ್ನೂ ಇನ್ನೊಂದು ಕೈಯಲ್ಲಿ ಎಲ್‌ಸಿ3ಯನ್ನೂ ಹಿಡಿದು, ಸರಕಿನ ಜೊತೆ ತಾನೂ ಕರಗುವ ಪ್ರೋಟೀನು. ಕಡಿಮೆಯಾದರೆ ಹರಿವಿದೆ ಎನ್ನಬಹುದು. ಆದರೆ ಆಕ್ಸಿಡೇಟಿವ್ ಒತ್ತಡದಲ್ಲಿ ಚುರುಕಾಗುವ ಎನ್‌ಆರ್‌ಎಫ್2 ಎಂಬ ಪ್ರೋಟೀನು ಪಿ62ರ ಜೀನನ್ನು ಹೆಚ್ಚಿಸುತ್ತದೆ, ಹೆಚ್ಚಾದ ಪಿ62 ಮತ್ತೆ ಎನ್‌ಆರ್‌ಎಫ್2ನ್ನು ಬಿಡಿಸುತ್ತದೆ. ಆಕ್ಸಿಡೇಟಿವ್ ಒತ್ತಡ ತರುವ ಔಷಧಿಯಾದರೆ ಆಟೋಫಜಿ ಚೆನ್ನಾಗಿದ್ದರೂ ಪಿ62 ಏರುತ್ತದೆ. ಆರ್‌ಎನ್‌ಎ ಮಟ್ಟವನ್ನೂ ಅಳೆದರಷ್ಟೇ ಅರ್ಥ.

ಸೂಕ್ಷ್ಮದರ್ಶಕದಲ್ಲಿ ನೋಡುವವರು ಕೆಂಪಾಗಿ ಹೊಳೆಯುವ ಎಮ್‌ಚೆರ‍್ರಿ ಮತ್ತು ಹಸಿರಾಗಿ ಹೊಳೆಯುವ ಜಿಎಫ್‌ಪಿ ಎರಡನ್ನೂ ಜೋಡಿಸಿದ ಎಲ್‌ಸಿ3 ಬಳಸುತ್ತಾರೆ. ಹುಳಿಯಲ್ಲಿ ಹಸಿರು ಆರುತ್ತದೆ, ಕೆಂಪು ಉಳಿಯುತ್ತದೆ. ಹಳದಿ ಚುಕ್ಕಿ ಎಂದರೆ ಲೈಸೋಸೋಮ್ ಸೇರದ ಚೀಲ, ಕೆಂಪು ಚುಕ್ಕಿ ಎಂದರೆ ಸೇರಿ ಹುಳಿಯಾದದ್ದು. ಚೊಕ್ಕವಾದ ಉಪಾಯ, ಆದರೆ ಎರಡು ಕಡೆ ಮೋಸ ಹೋಗುತ್ತೇವೆ. ಕೋಶವನ್ನು ರಾಸಾಯನಿಕದಿಂದ ಫಿಕ್ಸ್ ಮಾಡಿದರೆ (ಇದ್ದಂತೆಯೇ ಗಟ್ಟಿ ನಿಲ್ಲಿಸಿದರೆ) ಲೈಸೋಸೋಮಿನ ಹುಳಿ ಹೋಗಿ ಆರಿದ್ದ ಹಸಿರು ಮರಳಬಹುದು. ಸಾಧ್ಯವಾದಷ್ಟೂ ಜೀವಂತ ಕೋಶದಲ್ಲೇ ನೋಡಿ. ಎಲ್‌ಸಿ3ಯನ್ನು ವಿಪರೀತ ತಯಾರಿಸಿದ ಕೋಶದಲ್ಲಿ ಅದು ಸುಮ್ಮನೆ ಮುದ್ದೆಗಟ್ಟಿ ಚುಕ್ಕಿಯಂತೆಯೇ ಕಾಣುತ್ತದೆ. 120ನೆಯ ಗ್ಲೈಸಿನನ್ನು ಅಲನಿನ್ ಮಾಡಿದ ರೂಪ ಪೊರೆಗೆ ಅಂಟಲಾರದು. ಅದನ್ನು ಪಕ್ಕದಲ್ಲಿಟ್ಟು, ಅದರಲ್ಲೂ ಚುಕ್ಕಿ ಬಂದರೆ ನಿಮ್ಮ ಎಣಿಕೆಯನ್ನು ನಂಬಬೇಡಿ.

ರೋಗಗಳ ಬಗ್ಗೆ ಚುಟುಕಾಗಿ. ಎಟಿಜಿ5 ಇಲ್ಲದೆ ಹುಟ್ಟಿದ ಇಲಿಮರಿಗಳು ಒಂದು ದಿನದೊಳಗೆ ಸಾಯುತ್ತವೆ. ಹೊಕ್ಕುಳಬಳ್ಳಿ ಕಡಿದ ಕ್ಷಣದಿಂದ ತಾಯಿಹಾಲು ಕೂಡಿಬರುವವರೆಗಿನ ಕೊರತೆಯನ್ನು ತುಂಬಿಕೊಡುವುದು ಆಟೋಫಜಿ. ಮಿದುಳಿನ ನರಕೋಶಗಳಲ್ಲಷ್ಟೇ ಎಟಿಜಿ5 ಅಥವಾ ಎಟಿಜಿ7 ತೆಗೆದ ಇಲಿಗಳಲ್ಲಿ ಪ್ರೋಟೀನ್ ಗಂಟುಗಳು ಸೇರಿ ನರಕೋಶ ಸಾಯುತ್ತದೆ ಎಂದು 2006ರಲ್ಲಿ ಎರಡು ತಂಡಗಳು ತೋರಿಸಿದವು. ಮನುಷ್ಯರಲ್ಲಿ ಪಿಂಕ್1, ಪಾರ್ಕಿನ್ ಜೀನುಗಳು ಕೆಟ್ಟರೆ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಬರುತ್ತದೆ; ಕೆಟ್ಟ ಮೈಟೋಕಾಂಡ್ರಿಯವನ್ನು ಗುರುತು ಹಾಕಿ ಆಟೋಫಜಿಗೆ ಒಪ್ಪಿಸುವುದು ಇವೆರಡರ ಕೆಲಸ. ಕ್ಯಾನ್ಸರಿನಲ್ಲಿ ಕತೆ ತಿರುಗಾಮುರುಗಾ: ಬೆಳೆದ ಗೆಡ್ಡೆಗೆ ಆಟೋಫಜಿಯೇ ಆಹಾರ ಒದಗಿಸಬಹುದು. ಅದಕ್ಕೇ ಅದನ್ನು ತಡೆಯುವ ಹೈಡ್ರಾಕ್ಸಿಕ್ಲೋರೋಕ್ವಿನ್ ಅಲ್ಲಿ ಪರೀಕ್ಷೆಗೆ ಒಳಗಾಗಿದೆ.

ಸಭಿಕರ ಪ್ರಶ್ನೆಗಳಿಂದ

*ಏಕಾದಶಿ ಉಪವಾಸದಿಂದ ಆಟೋಫಜಿ ಆಗುತ್ತದೆಯೇ?*

ಆಟೋಫಜಿ ಉಂಡಾಗಲೂ ಸಣ್ಣ ಪ್ರಮಾಣದಲ್ಲಿ ನಡೆದೇ ಇರುತ್ತದೆ. ಉಪವಾಸದಲ್ಲಿ ಏರುತ್ತದೆ ಎಂಬುದಕ್ಕೆ ಪ್ರಾಣಿಗಳಲ್ಲಿ ಗಟ್ಟಿ ಸಾಕ್ಷಿ ಇದೆ. 24 ಗಂಟೆ ಉಪವಾಸವಿಟ್ಟ ಇಲಿಗಳ ಯಕೃತ್ತು, ಸ್ನಾಯು, ಹೃದಯದಲ್ಲಿ ಚೀಲಗಳು ಹೆಚ್ಚಾದದ್ದನ್ನು 2004ರಲ್ಲೇ ತೋರಿಸಲಾಗಿದೆ. ಅಂಗದಿಂದ ಅಂಗಕ್ಕೆ ವೇಳೆಯೂ ಪ್ರಮಾಣವೂ ಬೇರೆ, ಮಿದುಳಿನಲ್ಲಿ ಅವರಿಗೆ ಏರಿಕೆ ಕಾಣಲಿಲ್ಲ. ಇಲಿಯ 24 ಗಂಟೆಯನ್ನು ನಮ್ಮ 24 ಗಂಟೆಗೆ ಸಮ ಎನ್ನುವಂತಿಲ್ಲ. ತೂಕದ ಪ್ರತಿ ಗ್ರಾಮಿಗೆ ಇಲಿ ನಮ್ಮ ಸುಮಾರು ಏಳು ಪಟ್ಟು ಶಕ್ತಿ ಉರಿಸುತ್ತದೆ. ಒಂದು ದಿನದ ಉಪವಾಸ ಅದಕ್ಕೆ ನಮಗಿಂತ ಬಹಳ ತೀವ್ರವಾದ ಹಸಿವು. "ಹದಿನಾರನೆಯ ಗಂಟೆಗೆ ಆಟೋಫಜಿ ಶುರು" ಎಂಬ ಪಟ್ಟಿಗಳಿಗೆ ಮನುಷ್ಯರ ಅಂಗಾಂಗಗಳಲ್ಲಿ ಅಳೆದ ಆಧಾರವಿಲ್ಲ. ಉಪವಾಸ ಮಾಡುವವರು ಮಾಡಲಿ, ಅದಕ್ಕೆ ಬೇರೆ ಕಾರಣಗಳಿವೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಉದ್ದನೆಯ ಉಪವಾಸಕ್ಕೆ ಕೈಹಾಕಬಾರದು. ಸಕ್ಕರೆ ಕುಸಿದರೆ ಅಪಾಯ ಆ ಕ್ಷಣದ್ದು.

*ರಕ್ತಪರೀಕ್ಷೆಯಲ್ಲಿ ನನ್ನ ಆಟೋಫಜಿ ಎಷ್ಟಿದೆ ಎಂದು ತಿಳಿಯಬಹುದೇ?*

ಸಂಶೋಧನೆಯ ಮಟ್ಟದಲ್ಲಿ ಒಂದು ವಿಧಾನ ಇದೆ. ರಕ್ತ ತೆಗೆದ ಕೂಡಲೇ ಎರಡು ಪಾಲು ಮಾಡಿ, ಒಂದಕ್ಕೆ ಲೈಸೋಸೋಮ್ ತಡೆಯುವ ಕ್ಲೋರೋಕ್ವಿನ್ ಸೇರಿಸಿ, ಎರಡನ್ನೂ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಆಮೇಲೆ ಬಿಳಿ ರಕ್ತಕಣ ಬೇರ್ಪಡಿಸಿ ಎಲ್‌ಸಿ3-2 ಅಳೆಯುವುದು. ಮೊದಲೇ ಕಣ ಬೇರ್ಪಡಿಸಿ ಲ್ಯಾಬಿನ ಮಾಧ್ಯಮಕ್ಕೆ ಹಾಕಿದರೆ, ಆ ವ್ಯಕ್ತಿಯ ರಕ್ತದಲ್ಲಿದ್ದ ಅಮೈನೋ ಆಮ್ಲ, ಇನ್ಸುಲಿನ್ ಯಾವುದೂ ಸುತ್ತ ಇರುವುದಿಲ್ಲ; ಅಳೆದದ್ದು ಮಾಧ್ಯಮದ ಪರಿಣಾಮವಾಗುತ್ತದೆ. ಮಾದರಿ ಸಂಗ್ರಹಿಸಿದ ಜಾಗದಲ್ಲೇ ಈ ಒಂದು ಗಂಟೆ ಶುರುವಾಗಬೇಕು. ಜಯನಗರದಲ್ಲಿ ರಕ್ತ ತೆಗೆದು, ಐಸ್ ಡಬ್ಬಿಯಲ್ಲಿ ಯಲಹಂಕಕ್ಕೆ ಸಾಗಿಸಿ, ಸಂಜೆ ಪರೀಕ್ಷಿಸುವ ಕ್ರಮ ಇದಕ್ಕೆ ಒಗ್ಗದು. ಸಿಕ್ಕ ಅಂಕಿ ಬಿಳಿ ರಕ್ತಕಣಗಳದ್ದು, ಯಕೃತ್ತಿನದ್ದೂ ಅಲ್ಲ, ಮಿದುಳಿನದ್ದೂ ಅಲ್ಲ. ಯಾರಾದರೂ ಇಂಥ ವರದಿ ಕೊಟ್ಟರೆ, ಕ್ಲೋರೋಕ್ವಿನ್ ಹಾಕಿದ ಮತ್ತು ಹಾಕದ ಎರಡೂ ಅಂಕಿಗಳನ್ನು ಕೇಳಿ ಪಡೆಯಿರಿ. ಒಂದೇ ಅಂಕಿ ಇದ್ದರೆ ಅದರಿಂದ ಏರಿಕೆಯನ್ನೂ ಹೇಳಲಾಗದು, ತಡೆಯನ್ನೂ ಹೇಳಲಾಗದು.